ಗಸಗಸೆಯಷ್ಟು ಕುಂಕುಮ

ಮೈದಾ ಅಂಟು ಕುದಿಯುವ ವಾಸನೆ ಈಗ ಎಲ್ಲಿ ಸಿಗುತ್ತದೆ ಹೇಳಿ. ಅಂಟು ಎಂದರೆ ಟ್ಯೂಬಿನಿಂದ ಹಿಂಡುವ ಬಿಳಿ ಲೋಳೆ ಎಂದೇ ಎಲ್ಲರೂ ತಿಳಿದಿರುವ ಕಾಲ ಇದು. ಮೊನ್ನೆ ತುಮಕೂರಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುವ ಒಂದು ಹಳೆಯ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಸ್ಟೌವಿನ ಮೇಲೆ ಚಿಕ್ಕ ಪಾತ್ರೆಯೊಂದರಲ್ಲಿ ಅಂಟು ಕೊತಕೊತ ಎನ್ನುತ್ತಿತ್ತು. ಹುಳ ಹಿಡಿಯದಿರಲಿ ಎಂದು ಹಾಕಿದ ಮೈಲುತುತ್ತದಿಂದ ಅದಕ್ಕೆ ತುಸು ನೀಲಿ ಬಣ್ಣ. ಹಸಿ ಹಿಟ್ಟು ಬೆಂದು ಗಂಜಿಯಾಗುವ ಹೊತ್ತಿನ ಆ ಬೆಚ್ಚನೆಯ, ಸ್ವಲ್ಪ ಹುಳಿ ಬೆರೆತ ವಾಸನೆ ಮೂಗಿಗೆ ಬಡಿದದ್ದೇ ನಾನು ನಡುರಸ್ತೆಯಲ್ಲಿ ನಿಂತುಬಿಟ್ಟೆ. 'ಏನ್ ಬೇಕಿತ್ತು ಮೇಡಂ?' ಎಂದು ಅಂಗಡಿಯವನು ಕೇಳಿದ. ಏನು ಬೇಕಿತ್ತು ಎಂದು ಹೇಳಲಿ? ಗುಬ್ಬಿಯ ನಮ್ಮ ಮನೆಯ ಹಿತ್ತಿಲ ಜಗಲಿ ಬೇಕಿತ್ತು, ಅಲ್ಲಿ ಕಾಲು ಚಾಚಿ ಕೂತು ಹಪ್ಪಳದಷ್ಟು ತೆಳ್ಳಗಿನ ರಟ್ಟನ್ನು ಬ್ಲೇಡಿನಿಂದ ಕೊಯ್ಯುತ್ತಿದ್ದ ಪುಟ್ಟತ್ತೆ ಬೇಕಿತ್ತು. ಏನಿಲ್ಲಪ್ಪ ಎಂದು ಹೇಳಿ ಮುಂದೆ ನಡೆದೆ.

ಪುಟ್ಟತ್ತೆ ನಮ್ಮಪ್ಪನ ಕೊನೆಯ ತಂಗಿ. ಅಪ್ಪ ಗುಬ್ಬಿಯಲ್ಲಿ ಹೈಸ್ಕೂಲ್ ಮೇಷ್ಟರು. ಹಾಗಲವಾಡಿಯ ಕಡೆ ಇದ್ದ ಒಂದಿಷ್ಟು ತೋಟದಿಂದ ತೆಂಗಿನಕಾಯಿ ಬರುತ್ತಿತ್ತು, ಹೊಲದಿಂದ ರಾಗಿ ಬರುತ್ತಿತ್ತು, ಉಳಿದದ್ದು ಸಂಬಳದಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಪುಟ್ಟತ್ತೆ ಮತ್ತು ನಾನು. ಅಜ್ಜಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮನೆಯ ಬೀಗದ ಕೈ ಗೊಂಚಲು, ಉಪ್ಪಿನಕಾಯಿ ಜಾಡಿ, ಯಾರು ಯಾವಾಗ ಮಲಗಬೇಕು ಎನ್ನುವ ಅಪ್ಪಣೆ ಎಲ್ಲವೂ ಅವರದೇ. ಆದರೆ ದಸರಾ ಬೊಂಬೆ ನೋಡಲು ಹೆಂಗಸರು ಬಂದಾಗ ಮಾತ್ರ ಅವರು ನಡುಮನೆಯ ಬಾಗಿಲಲ್ಲೇ ನಿಂತು 'ಕುಂಕುಮ ಕೊಡು ಬಾರೇ' ಎಂದು ಅಮ್ಮನನ್ನು ಕೂಗುತ್ತಿದ್ದರು. ಅಜ್ಜಿಯೇ ಯಾಕೆ ಕೊಡಬಾರದು ಎಂದು ನಾನು ಎಂದೂ ಕೇಳಲಿಲ್ಲ. ಗಡಿಯಾರ ಗೋಡೆಯ ಮೇಲೆ ಇರುವ ಹಾಗೆ ಅದೂ ಇತ್ತು ಅಷ್ಟೆ.

ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಪುಟ್ಟತ್ತೆ ಎರಡನ್ನೂ ದಸರಾ ಬೊಂಬೆಗಳ ಕೆಳಗೆ ಒಂದು ಮಣೆಯ ಮೇಲೆ ವರ್ಷಾವರ್ಷ ಮಾಡುತ್ತಿದ್ದಳು. ಮೇಲಿನ ಮೆಟ್ಟಿಲುಗಳ ಮೇಲೆ ರಾಜ ರಾಣಿ, ಸೆಟ್ಟರ ಅಂಗಡಿ, ದೇವರುಗಳು ಎಲ್ಲರ ಮನೆಯಲ್ಲಿ ಇರುವಂತೆಯೇ ನಮ್ಮಲ್ಲೂ ಕೂರುತ್ತಿದ್ದವು. ಅವನ್ನು ಯಾರು ನೋಡಬೇಕು? ಬಂದವರೆಲ್ಲ ನೇರವಾಗಿ ಕೆಳಗೆ ಕುಕ್ಕರಗಾಲಲ್ಲಿ ಕೂತು ಪುಟ್ಟತ್ತೆಯ ಮದುವೆ ಮನೆಯನ್ನೇ ನೋಡುತ್ತಿದ್ದರು. ರಟ್ಟಿನ ಮನೆ, ಅದರ ಮುಂದೆ ತೆಂಗಿನ ಗರಿ ಸೀಳಿ ಹೆಣೆದ ಅಂಗೈಯಗಲದ ಚಪ್ಪರ, ಹುಣಸೆ ಎಲೆ ಪೋಣಿಸಿದ ಮಾವಿನ ತೋರಣ. ಆ ತೋರಣ ಸಂಜೆಯೊಳಗೆ ಮುದುಡುತ್ತಿತ್ತಾದ್ದರಿಂದ ದಿನಾ ಹೊಸದು ಪೋಣಿಸುವುದು ನನ್ನ ಕೆಲಸ. ಊಟದ ಪಂಕ್ತಿಯಲ್ಲಿ ಹಸಿರು ಕಾಗದದ ಬಾಳೆ ಎಲೆಗಳು, ಪ್ರತಿ ಎಲೆಗೂ ಉಗುರಿನಿಂದ ಒತ್ತಿದ ನಡುದಿಂಡು. ಎಲೆಯ ಮೇಲೆ ಗಸಗಸೆಯ ಅನ್ನ. ಪೆನ್ನಿನ ಮುಚ್ಚಳದಿಂದ ಕತ್ತರಿಸಿ ಸೌಟಿನ ಮೇಲೆ ಬೇಯಿಸಿದ ಅರಿಶಿನದ ಬಣ್ಣದ ಹೋಳಿಗೆ. ಹಪ್ಪಳವಂತೂ ನಿಜವಾದ ಹಪ್ಪಳ. ಅಜ್ಜಿಯ ಉದ್ದಿನ ಹಿಟ್ಟಿನಿಂದ ಸಾಸಿವೆಯಷ್ಟು ಕದ್ದು, ಹೆಬ್ಬೆರಳಲ್ಲಿ ಒತ್ತಿ, ಒಣಗಿಸಿ, ಒಗ್ಗರಣೆ ಸೌಟಿನಲ್ಲಿ ನಾಲ್ಕು ತೊಟ್ಟು ಎಣ್ಣೆ ಕಾಯಿಸಿ ಕರಿದದ್ದು. ಅದು ಉಬ್ಬುವಾಗ ಪುಟ್ಟತ್ತೆಯ ಮುಖವೂ ಉಬ್ಬುತ್ತಿತ್ತು. ಹಬ್ಬಕ್ಕೆ ತಿಂಗಳಿರುವಾಗಲೇ ಮನೆಯೆಲ್ಲ ಅಂಟು, ಚೂರು ಬಟ್ಟೆ, ದಾರದ ತುಂಡು. ಅಪ್ಪನ ಕಾಲಿಗೆ ಮದುವೆ ಮನೆಯ ಒಂದು ಪುಟಾಣಿ ಬಾಲ್ದಿ ಅಂಟಿಕೊಂಡು ಸ್ಕೂಲಿನ ತನಕ ಹೋಗಿತ್ತಂತೆ.

ಆದರೆ ಪುಟ್ಟತ್ತೆಯ ಕೈ ನಿಜವಾಗಿ ಏನೆಂದು ತಿಳಿಯುತ್ತಿದ್ದದ್ದು ಅವಳ ಜನರನ್ನು ನೋಡಿದಾಗ. ಬೆರಳುದ್ದದ ಬಟ್ಟೆಯ ಬೊಂಬೆಗಳು. ಒಳಗೆ ತಂತಿ, ಹೊರಗೆ ಹಳೆಯ ಸೀರೆಯ ಚೂರು. ಮುಖದಲ್ಲಿ ಕಣ್ಣು ಮೂಗು ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಕೂತ ಭಂಗಿ, ಬಾಗಿದ ಬೆನ್ನು, ಎತ್ತಿದ ಕೈ ನೋಡಿದರೆ ಬೀದಿಯ ಯಾರು ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಆಯಾ ವರ್ಷ ನಾವು ಹೋದ ಮದುವೆಗಳಲ್ಲಿ ಕಂಡದ್ದೆಲ್ಲ ದಸರಾಕ್ಕೆ ಅಲ್ಲಿ ಬಂದು ಕೂರುತ್ತಿತ್ತು. ಧಾರೆಯ ಹೊತ್ತಿಗೆ ಬಾಯಿ ತೆರೆದು ನಿದ್ದೆ ಹೊಡೆಯುವ ಪಕ್ಕದ ಮನೆಯ ವಕೀಲರು, ಹೋಳಿಗೆಯನ್ನು ಸೆರಗಿನಲ್ಲಿ ಗಂಟು ಕಟ್ಟುವ ಎದುರು ಮನೆಯಾಕೆ, ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ನಿಂತ ಯಾರೋ ನೆಂಟರು. ತಮ್ಮನ್ನು ತಾವೇ ಕಂಡು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಮ್ಮನ್ನು ಮಾಡಿಲ್ಲವೆಂದು ಮುಖ ಊದಿಸಿಕೊಂಡವರೂ ಇದ್ದರು.

ಹಬ್ಬದ ಮೊದಲ ದಿನ ಬೆಳಿಗ್ಗೆ, ಎಲ್ಲ ಜೋಡಿಸಿದ ಮೇಲೆ, ಕಡೆಯ ಕೆಲಸವೊಂದು ಉಳಿಯುತ್ತಿತ್ತು. ಪುಟ್ಟತ್ತೆ ಸ್ನಾನ ಮಾಡಿ ಬಂದು, ಹೊಸ ಪೊರಕೆಯ ಹಂಚಿಕಡ್ಡಿಯ ತುದಿಯನ್ನು ಕೆಂಪು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿ ಹಿಡಿದು, ಹೆಂಗಸು ಬೊಂಬೆಗಳಿಗೆಲ್ಲ ಸಾಲಾಗಿ ಕುಂಕುಮ ಇಡುತ್ತಿದ್ದಳು. ಗಸಗಸೆಯಷ್ಟು ಚುಕ್ಕೆ. 'ಇದು ಬಿದ್ಮೇಲೇ ಕಣೇ ಜೀವ ಬರೋದು' ಎನ್ನುತ್ತಿದ್ದಳು. ಯಾರ ಕಣ್ಣಿಗೂ ಬೀಳದೆ ಹಿಂದಿನ ಸಾಲಿನಲ್ಲಿ ಬೆನ್ನು ಮಾಡಿ ಕೂತವರನ್ನೂ ಬಿಡುತ್ತಿರಲಿಲ್ಲ. ಕಾಣಲ್ವಲ್ಲ ಅತ್ತೆ ಎಂದರೆ, ಅವಳಿಗೆ ಗೊತ್ತಿರುತ್ತಲ್ಲ ಎನ್ನುತ್ತಿದ್ದಳು.

ಹೀಗೆ ಊರ ಮದುವೆಗಳನ್ನೆಲ್ಲ ಮಣೆಯ ಮೇಲೆ ಮಾಡುತ್ತಿದ್ದವಳಿಗೆ ಅವಳದೇ ಮದುವೆ ಕೂಡಿಬರುತ್ತಿರಲಿಲ್ಲ. ಬಣ್ಣ ಕಪ್ಪು ಎಂದರು, ಎತ್ತರ ಜಾಸ್ತಿ ಎಂದರು, ಜಾತಕ ಹೊಂದಲಿಲ್ಲ ಎಂದರು. ಬಂದವರು ಕೇಸರಿಬಾತು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದು ಹೋದವರು ಹೋದ ಹಾಗೆಯೇ. ಪ್ರತಿ ಸಲವೂ ಪುಟ್ಟತ್ತೆ ಸೀರೆ ಬದಲಿಸಿ ಬಂದು, ತಟ್ಟೆಗಳನ್ನು ತೊಳೆದಿಟ್ಟು, ಹಿತ್ತಿಲ ಜಗಲಿಗೆ ಹೋಗಿ ರಟ್ಟು ಕೊಯ್ಯುತ್ತ ಕೂರುತ್ತಿದ್ದಳು. ಅಜ್ಜಿ ಒಳಗೆ ದೇವರ ಮುಂದೆ ಗೊಣಗುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಖುಷಿ. ಪುಟ್ಟತ್ತೆ ಇನ್ನೊಂದು ದಸರಾಕ್ಕೆ ನಮ್ಮಲ್ಲೇ ಇರುತ್ತಾಳಲ್ಲ!

ಒಂದು ವರ್ಷ ಬೇಸಿಗೆಯಲ್ಲಿ ಹೆಬ್ಬೂರಿನ ಒಂದು ಮದುವೆಗೆ ಹೋಗಿದ್ದೆವು. ಹೆಣ್ಣಿಗೆ ಆರತಿ ಎತ್ತುವ ಹೊತ್ತು. ಎಲ್ಲರೂ ಮಂಟಪದ ಕಡೆ ನುಗ್ಗುತ್ತಿದ್ದರೆ ದೂರದಲ್ಲಿ ಒಬ್ಬ ಹೆಂಗಸು ಕಂಬದ ಕಡೆ ಮುಖ ತಿರುಗಿಸಿ, ಎಡಗಾಲು ನೀಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಮುಟ್ಟದ ಕಾಫಿ ಲೋಟ. 'ಯಾರೋ ನೆಂಟರಂತೆ, ಕಾಫಿ ಆರಿತ್ತು ಅಂತ ಮುನಿಸು' ಎಂದು ಯಾರೋ ಅಮ್ಮನಿಗೆ ಹೇಳಿದರು. ಪುಟ್ಟತ್ತೆ ಆಕೆಯ ಬೆನ್ನನ್ನೇ ನೋಡುತ್ತ ನಿಂತಳು. ದಸರಾ ಹೊತ್ತಿಗೆ ಮುನಿಸಿನಮ್ಮ ತಯಾರು. ಕಂದು ಚೌಕಳಿ ಸೀರೆ, ನೀಡಿದ ಎಡಗಾಲು, ಸಿಗರೇಟು ಪ್ಯಾಕಿನ ಬೇಗಡೆಯ ಲೋಟ, ಅದರೊಳಗೆ ಒಂದು ತೊಟ್ಟು ವಾರ್ನಿಷ್ ಕಾಫಿ.

ಹಬ್ಬಕ್ಕೆ ಸ್ವಲ್ಪ ಮುಂಚೆ ಹೆಬ್ಬೂರಿನ ಚಿಕ್ಕಜ್ಜ, ಅಂದರೆ ಅಜ್ಜಿಯ ತಮ್ಮ, ಒಂದು ಸಂಬಂಧದ ಸುದ್ದಿ ತಂದರು. ಹುಡುಗ ಕುಣಿಗಲ್ಲಿನಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟರು. ತಂದೆ ಇಲ್ಲ. ತಾಯಿ ರಂಗಮ್ಮ, ಕೊತ್ತಗೆರೆ ಕಡೆಯವರು, ಆಕೆ ಹೂಂ ಎಂದರೆ ಮಗ ಹೂಂ. ಆದರೆ ಗಂಡನಿಲ್ಲದಾಕೆ ಹೆಣ್ಣು ನೋಡಲು ಹೊರಟರೆ ಶಕುನ ಆಗದು ಎಂದು ಜನ ಆಡಿಕೊಳ್ಳುತ್ತಾರೆ, ಅದಕ್ಕೆ ಬೊಂಬೆ ನೋಡುವ ನೆಪದಲ್ಲಿ ಬಂದು ಹೋಗುತ್ತಾರಂತೆ. ಬೊಂಬೆ ನೋಡಲು ಯಾರು ಬೇಕಾದರೂ ಬರಬಹುದಲ್ಲ. 'ಇದೂ ತಪ್ಪೋದ್ರೆ ನಾನಂತೂ ಇನ್ನು ಯಾರ ಮನೆ ಬಾಗ್ಲಿಗೂ ಹೋಗಾಕಿಲ್ಲ ಕಣಕ್ಕಾ' ಎಂದರು ಚಿಕ್ಕಜ್ಜ. ಅಜ್ಜಿ ಅಂದೇ ಪುಟ್ಟತ್ತೆಯನ್ನು ಕರೆದು ಕೂರಿಸಿದರು.

'ಪುಟ್ಟಿ, ಈ ವರ್ಷ ನಿನ್ನ ಕುಚೋದ್ಯ ಎಲ್ಲಾ ಎತ್ತಿಡು ಕಣೇ. ನಾಳೆ ನಮ್ಮನ್ನೂ ಹಿಂಗೇ ಆಡ್ಕೋತಾಳೆ ಅನ್ಕೋತಾರೆ ಬಂದೋರು.'

'ಆಯ್ತು ಬುಡಮ್ಮ. ನಿದ್ದೆ ಹೊಡಿಯೋರು, ಹೋಳಿಗೆ ಕದಿಯೋರು ಎಲ್ರೂನೂ ಎತ್ತಿಡ್ತೀನಿ. ಮುನಿಸಿನಮ್ಮ ಒಬ್ಳು ಇರ್ಲಿ. ಕಂಬದ ಕಡೆ ತಿರುಗ್ಕೊಂಡು ಕೂತವ್ಳೆ, ಯಾರಿಗೆ ಕಾಣ್ತಾಳೆ?'

ಮುನಿಸಿನಮ್ಮ ಉಳಿದಳು. ಮೊದಲ ದಿನ ಬೆಳಿಗ್ಗೆ ಎಲ್ಲರ ಜೊತೆ ಅವಳ ಹಣೆಗೂ ಕುಂಕುಮ ಬಿತ್ತು.

ರಂಗಮ್ಮನವರು ಬಂದದ್ದು ಒಂದು ಮಧ್ಯಾಹ್ನ, ಚಿಕ್ಕಜ್ಜನ ಜೊತೆ ಬಸ್ಸಿಳಿದು ನಡೆದುಕೊಂಡು. ಅದೇ ಕಂದು ಚೌಕಳಿ ಸೀರೆ, ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದರು. ಬಾಗಿಲಲ್ಲಿ ಕಾಲು ತೊಳೆಯಲು ನೀರು ಕೊಟ್ಟ ಅಮ್ಮ, ಆಕೆ ಚೊಂಬು ಹಿಂದಕ್ಕೆ ಕೊಡುವಷ್ಟರಲ್ಲಿ ಅಡಿಗೆ ಮನೆಗೆ ಓಡಿ ಬಂದಳು. ಪುಟ್ಟತ್ತೆ ಕಾಫಿಗೆ ಹಾಲು ಕಾಯಿಸುತ್ತಿದ್ದಳು. 'ಪುಟ್ಟಿ, ಕೆಟ್ವಿ ಕಣೇ. ಹೆಬ್ಬೂರಿನ ಮುನಿಸಿನಮ್ಮ!' ಎಂದಳು ಅಮ್ಮ ಪಿಸುದನಿಯಲ್ಲಿ. ಪುಟ್ಟತ್ತೆ ಹಾಲನ್ನೇ ನೋಡುತ್ತಿದ್ದಳು, ಹಾಲು ಉಕ್ಕಿ ಒಲೆಯ ಮೇಲೆ ಬಿದ್ದರೂ ನೋಡುತ್ತಲೇ ಇದ್ದಳು. ನಡುಮನೆಗೆ ಓಡಿ ಬೊಂಬೆಯನ್ನು ತೆಗೆದುಬಿಡೋಣವೆಂದರೆ ಬಂದವರು ಆಗಲೇ ಮದುವೆ ಮನೆಯ ಮುಂದೆ ಸ್ಟೂಲು ಎಳೆಸಿಕೊಂಡು, ಮಡಿಚಲಾಗದ ಎಡಗಾಲನ್ನು ನೀಡಿ ಕೂತಾಗಿತ್ತು.

ಆಕೆ ಕಣ್ಣು ಹಾಯಿಸಿ ಎದ್ದು ಹೋಗುವ ಪೈಕಿಯವರಲ್ಲ. ತೋರಣ ಯಾವ ಎಲೆಯದು, ಹಪ್ಪಳ ಕರಿದದ್ದೇ ಏನು, ಚಪ್ಪರದ ಹೆಣಿಗೆ ಯಾರದು, ಒಂದೊಂದನ್ನೂ ಕೇಳಿದರು. ಕಾಫಿ ತಂದ ಪುಟ್ಟತ್ತೆ ತಲೆ ಬಗ್ಗಿಸಿ ಉತ್ತರ ಹೇಳುತ್ತ ನಿಂತಳು. ಅಜ್ಜಿ ಬಾಗಿಲಲ್ಲಿ ಕೈ ಮುಗಿದುಕೊಂಡ ಹಾಗೆ ನಿಂತಿದ್ದರು, ಯಾವ ದೇವರಿಗೋ ಏನೋ. ಆಮೇಲೆ ರಂಗಮ್ಮನವರ ಬೆರಳು ಊಟದ ಪಂಕ್ತಿಯನ್ನು ದಾಟಿ, ಮಂಟಪವನ್ನು ದಾಟಿ, ಹಿಂದಿನ ಕಂಬದ ಹತ್ತಿರ ನಿಂತಿತು. ಬಗ್ಗಿ ನೋಡಿದರು. ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು.

'ಇದು ಹೆಬ್ಬೂರಿನ ಮದುವೆ ಅಲ್ವೇನಮ್ಮ?'

ಯಾರದೋ ಮನೆಯ ಮದುವೆ ಎಂದು ಪುಟ್ಟತ್ತೆ ಹೇಳಬಹುದಿತ್ತು. ಹೇಳಲಿ ಎಂದು ಅಮ್ಮ ಸೆರಗಿನ ಮರೆಯಲ್ಲಿ ಅವಳನ್ನು ಚಿವುಟಿದಳು ಕೂಡ. ಆದರೆ ಅವಳಿಗೆ ಸುಳ್ಳು ಬರುತ್ತಿರಲಿಲ್ಲ. 'ಹೂಂ. ನೀವು ಯಾರು ಅಂತ ಗೊತ್ತಿರ್ಲಿಲ್ಲ. ಕಾಫಿ ಆರಿತ್ತು ಅಂತ ಮುನಿಸ್ಕೊಂಡಿದೀರ ಅಂದ್ರು. ಮಾಡ್ಬುಟ್ಟೆ' ಎಂದಳು. ಚಿಕ್ಕಜ್ಜ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು. ರಂಗಮ್ಮನವರು ನಿಧಾನವಾಗಿ ಕೈ ಚಾಚಿ ಆ ಬೊಂಬೆಯನ್ನು ಎತ್ತಿಕೊಂಡರು.

'ಕಾಫಿಗೆ ಯಾರಮ್ಮ ಮುನಿಸ್ಕೋತಾರೆ, ಆರಿದ್ರೆ ಬಿಸಿ ಮಾಡಿಸ್ಕೊಂಡ್ರಾಯ್ತು. ಆ ಹೆಣ್ಣು ನಮ್ಮಕ್ಕನ ಮಗಳು. ತಾಯಿಲ್ಲದ ಮಗೀನ ನಾನೇ ಸಾಕ್ದೆ. ಆರತಿ ಎತ್ತಕ್ಕೆ ಒಬ್ಬೊಬ್ರನ್ನೇ ಹೆಸ್ರಿಡ್ದು ಕರೆದ್ರು. ನನ್ನ ಕರೆಯಂಗಿಲ್ವಲ್ಲ. ಶುಭದ ಮನೇಲಿ ಕಣ್ಣೀರು ಕಾಣಬಾರ್ದು ಅಂತ ಆ ಕಡೆ ತಿರುಗ್ಕೊಂಡೆ ಕಣಮ್ಮ, ಅಷ್ಟೇಯ.'

ಹೇಳುತ್ತ ಹೇಳುತ್ತ ಬೊಂಬೆಯನ್ನು ತಮ್ಮ ಕಡೆ ತಿರುಗಿಸಿದರು. ಕಿಟಕಿಯ ಬೆಳಕು ಅದರ ಮುಖದ ಮೇಲೆ ಬಿತ್ತು. ಹಣೆಯ ಮೇಲೆ ಗಸಗಸೆಯಷ್ಟು ಕೆಂಪು. ಅಮ್ಮ ಅಯ್ಯೋ ಎಂದದ್ದು ನನಗೆ ಕೇಳಿಸಿತು. ಗಂಡ ಸತ್ತವಳ ಹಣೆಗೆ ಕುಂಕುಮ ಇಟ್ಟು, ಮನೆಗೆ ಕರೆದು, ಕೈಗೆ ಕೊಟ್ಟ ಹಾಗಾಗಿತ್ತು. ಇದಕ್ಕಿಂತ ದೊಡ್ಡ ಅವಮಾನ ನಮ್ಮಂಥ ಮನೆಗಳಲ್ಲಿ ಇನ್ನೊಂದಿಲ್ಲ. ಪುಟ್ಟತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು 'ತಪ್ಪಾಯ್ತು, ಕೊಡಿ, ಅಳಿಸ್ತೀನಿ' ಎಂದಳು. ರಂಗಮ್ಮನವರು ಬೊಂಬೆಯನ್ನು ಎದೆಯ ಕಡೆ ಎಳೆದುಕೊಂಡರು.

'ಬ್ಯಾಡ, ಇರ್ಲಿ ಬುಡು. ಒಂದ್ಸಲ ಅಳಿಸಿದ್ದು ಸಾಕು.'

ಆಮೇಲೆ ಅದನ್ನು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಕಂಬದ ಕಡೆ ಮುಖ ಮಾಡಿ ಕೂರಿಸಿದರು. ಕಾಫಿ ಕುಡಿದರು, ಅದು ಅಷ್ಟರಲ್ಲಿ ಆರಿಯೇ ಹೋಗಿತ್ತು. ಹೊರಡುವಾಗ ಅಜ್ಜಿಯ ಹತ್ತಿರ ಹೋಗಿ, 'ನಮಗೆ ಹುಡುಗಿ ಒಪ್ಪಿಗೆ. ಅವಳಿಗೆ ನಾನು ಒಪ್ಪಿಗೆಯಾ ಅಂತ ಕೇಳ್ಕೊಂಡು ಹೇಳಿ ಕಳಿಸ್ರಮ್ಮ' ಎಂದರು. ಅಜ್ಜಿ ಅಳುವುದೋ ನಗುವುದೋ ತಿಳಿಯದೆ ಆಕೆಯ ಕೈ ಹಿಡಿದುಕೊಂಡು ನಿಂತರು. ನಾನು ಹಿತ್ತಿಲಿಗೆ ಹೋಗಿ ಗಟ್ಟಿಯಾಗಿ ಅತ್ತುಬಿಟ್ಟೆ. ಆ ಕುಂಟಮ್ಮನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹಬ್ಬ ಮುಗಿಯುವ ಮುಂಚೆ ಅಜ್ಜಿ ಹೂಬತ್ತಿ ಹೊಸೆಯುತ್ತ, ಯಾರಿಗೋ ಹೇಳುವ ಹಾಗೆ, 'ಊರೋರನ್ನೆಲ್ಲಾ ಮಾಡಿದ್ದಾಯ್ತು, ಹೆತ್ತೋಳ್ನ ಮಾತ್ರ ಎಲ್ಲೂ ಕಾಣೆ' ಎಂದರು. ಪುಟ್ಟತ್ತೆ ಮಾಡುತ್ತಿದ್ದ ಕೆಲಸ ನಿಲ್ಲಿಸಿದಳು. ನಿಜ, ಅಷ್ಟು ವರ್ಷಗಳಲ್ಲಿ ಆ ಚಪ್ಪರದ ಕೆಳಗೆ ಅಜ್ಜಿ ಎಂದೂ ಬಂದು ಕೂತಿರಲಿಲ್ಲ. ಮದುವೆ ಮನೆ ಎಂದರೆ ಅಜ್ಜಿಯಂಥವರು ಕಾಣದ ಜಾಗ ಎಂದು ನಮ್ಮ ಕಣ್ಣುಗಳಿಗೇ ರೂಢಿಯಾಗಿಹೋಗಿತ್ತು. ಅಂದೇ ಕೂತು ಪುಟ್ಟತ್ತೆ ಅಜ್ಜಿಯನ್ನು ಮಾಡಿದಳು. ತಾಮ್ರದ ತಂತಿಯ ಕನ್ನಡಕ, ಸೊಂಟಕ್ಕೆ ಬೀಗದ ಕೈ ಗೊಂಚಲು. ಕಡೆ ಗಳಿಗೆಯಲ್ಲಿ ಹಂಚಿಕಡ್ಡಿ ಕೈಯಲ್ಲಿ ಹಿಡಿದು ಅಜ್ಜಿಯ ಮುಖ ನೋಡಿದಳು. ಅಜ್ಜಿ ಬತ್ತಿಯಿಂದ ತಲೆ ಎತ್ತಲಿಲ್ಲ. 'ಇಡೋದಾದ್ರೆ ಇಡು, ನನ್ನೇನು ಕೇಳ್ತೀಯ' ಎಂದರು. ಪುಟ್ಟತ್ತೆ ಇಟ್ಟಳು. ಅಜ್ಜಿ ಬೊಂಬೆಯನ್ನು ಕಿಟಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಹೇಳಿದ್ದು ಮಾತ್ರ, ಮೂಗು ಉದ್ದ ಆಯ್ತು ಎಂದು.

ಮಾಘದಲ್ಲಿ ಪುಟ್ಟತ್ತೆಯ ಮದುವೆ ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿ ನಡೆಯಿತು. ನಿಜವಾದ ತೆಂಗಿನ ಗರಿ, ನಿಜವಾದ ಮಾವಿನೆಲೆ, ಹಂಡೆಗಟ್ಟಲೆ ಅನ್ನ. ಕಳಶ ಕನ್ನಡಿ ಹಿಡಿದು ಪುಟ್ಟತ್ತೆಯ ಪಕ್ಕದಲ್ಲಿ ನಿಂತವಳು ನಾನು. ಧಾರೆ ಮುಗಿದು ಆರತಿಯ ಹೊತ್ತಾಯಿತು. ಹೆಂಗಸರನ್ನು ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರೆಯತೊಡಗಿದರು. ಬಾಸಿಂಗದ ಕೆಳಗಿನಿಂದ ಪುಟ್ಟತ್ತೆ ಕಣ್ಣಲ್ಲೇ ಹುಡುಕುತ್ತಿದ್ದಳು. ಅಡ್ಡ ನಿಂತ ಜನರಲ್ಲಿ ಕಾಣದೆ ನನ್ನ ಕಡೆ ಬಗ್ಗಿದಳು.

'ಅಮ್ಮ ಎಲ್ಲೇ? ಅತ್ತೆಮ್ಮ ಎಲ್ಲೇ?'

ನಾನು ತುದಿಗಾಲಲ್ಲಿ ನಿಂತು ನೋಡಿದೆ. 'ಉಗ್ರಾಣದ ಬಾಗ್ಲಲ್ಲಿ ಕೂತವ್ರೆ ಅತ್ತೆ. ಇಬ್ರೂನೂ.'

'ಯಾವ ಕಡೆ ತಿರುಗ್ಕೊಂಡವ್ರೆ?'

'ಗೋಡೆ ಕಡೆ' ಎಂದೆ.

ಪುಟ್ಟತ್ತೆ ತಲೆ ತಗ್ಗಿಸಿದಳು. ಧಾರೆ ಸೀರೆಯ ಮೇಲೆ ಹನಿಗಳು ಬಿದ್ದು ಅರಳಿಕೊಂಡವು. ಬೊಂಬೆಗಳ ಮದುವೆಯಲ್ಲಿ ಯಾರನ್ನು ಎಲ್ಲಿ ಬೇಕಾದರೂ ಕೂರಿಸಿದವಳು, ಮಣೆ ಬಿಟ್ಟು ಏಳುವ ಹಾಗಿರಲಿಲ್ಲ. ಆಗ ಯಾರೂ ಏಳುತ್ತಿರಲಿಲ್ಲ. ತವರು ಬಿಡೋ ಸಂಕಟ ಪಾಪ, ಎಂದು ಹೆಂಗಸರು ಕಣ್ಣೊರೆಸಿಕೊಂಡರು. ನಮ್ಮಮ್ಮನೂ ಹಾಗೆಯೇ ಅಂದುಕೊಂಡಳು.

ಆಮೇಲಿನದೆಲ್ಲ ಬೇಗ ಬೇಗ ನಡೆದುಹೋಯಿತು. ಕುಣಿಗಲ್ಲಿನ ಆ ಮನೆಯಲ್ಲಿ ಬೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಅತ್ತೆ ಸೊಸೆ ಇಬ್ಬರೂ ಬೊಂಬೆಯ ಮಾತೇ ಎತ್ತದೆ ತಾಯಿ ಮಗಳ ಹಾಗೆ ಬಾಳಿದರು. ಎಂಬತ್ತರ ದಶಕ ಹುಟ್ಟಿದ ಮೇಲೆ ಮೊದಲು ಅಜ್ಜಿ ಹೋದರು, ಹಿಂದೆಯೇ ರಂಗಮ್ಮನವರು. ಅಪ್ಪನಿಗೆ ತುಮಕೂರಿಗೆ ವರ್ಗವಾಗಿ ಗುಬ್ಬಿಯ ಮನೆ ಕೈಬಿಟ್ಟಿತು. ಮದುವೆ ಮನೆಯಿದ್ದ ಟ್ರಂಕನ್ನು ತುಮಕೂರಿನಲ್ಲಿ ತೆರೆದು ನೋಡಿದರೆ ಹೋಳಿಗೆ, ಹಪ್ಪಳ, ಗಸಗಸೆ ಎಲ್ಲವನ್ನೂ ಇಲಿಗಳು ತಿಂದು, ಉಳಿದ ಬಟ್ಟೆಯಲ್ಲಿ ಮರಿ ಹಾಕಿದ್ದವು. ಅಂಥ ಊಟ ಯಾವ ಇಲಿಗೂ ಸಿಕ್ಕಿರಲಿಕ್ಕಿಲ್ಲ. ನನ್ನ ಮದುವೆಯ ಹಿಂದಿನ ವರ್ಷ ಪುಟ್ಟತ್ತೆಯ ಗಂಡನೂ ತೀರಿಕೊಂಡರು.

ನನ್ನ ಮದುವೆ ತುಮಕೂರಿನ ಒಂದು ಛತ್ರದಲ್ಲಿ ಆಯಿತು. ಟ್ಯೂಬ್ ಲೈಟು, ಮೈಕು, ವೀಡಿಯೋದವನ ಬಿಳಿ ಬೆಳಕು. ಆರತಿಗೆ ಹೆಸರುಗಳನ್ನು ಮೈಕಿನಲ್ಲಿ ಕರೆಯುತ್ತಿದ್ದರು. ನಾನು ಬಾಸಿಂಗ ಸರಿಸಿಕೊಂಡು ಉಗ್ರಾಣದ ಕಡೆ ನೋಡಿದೆ. ಬಾಗಿಲ ಪಕ್ಕದಲ್ಲಿ, ಬಾಳೆ ಎಲೆಯ ಕಟ್ಟಿಗೆ ಒರಗಿ, ಬೋಳು ಹಣೆಯ ಪುಟ್ಟತ್ತೆ ಕೂತಿದ್ದಳು. ನಾನು ಕರೆಯಲೆಂದು ಬಾಯಿ ತೆರೆದೆ. ಅದು ಅವಳಿಗೆ ಅಲ್ಲಿಂದಲೇ ಗೊತ್ತಾಯಿತು. ಬೇಡ ಎಂದು ತಲೆ ಅಲ್ಲಾಡಿಸಿದಳು. ಆದರೆ ಅವಳು ಗೋಡೆಯ ಕಡೆ ತಿರುಗಿರಲಿಲ್ಲ. ನೆಟ್ಟಗೆ, ಮಂಟಪದ ಕಡೆಗೆ ಮುಖ ಮಾಡಿ ಕೂತಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಶುಭದ ಮನೆಯಲ್ಲಿ ಅದನ್ನು ಯಾರು ಬೇಕಾದರೂ ನೋಡಿಕೊಳ್ಳಲಿ ಎನ್ನುವ ಹಾಗೆ, ಕಡೆಯ ಆರತಿ ಮುಗಿಯುವವರೆಗೂ ನನ್ನನ್ನೇ ನೋಡುತ್ತಿದ್ದಳು.

ಈಗ ಪುಟ್ಟತ್ತೆ ಇಲ್ಲ. ಆ ಮನೆ ಇಲ್ಲ, ಅಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ಅಷ್ಟು ದೂರದಿಂದ, ಅಷ್ಟು ಹೊತ್ತು ನನ್ನನ್ನು ನೋಡಿದವರು ಮತ್ತೆ ಯಾರೂ ಸಿಗಲಿಲ್ಲ.